ಹಾರ್ಮೋನಿಯಂ ಪೆಟ್ಟಿಗೆಯ ವಯಸ್ಸು

ಹಾರ್ಮೋನಿಯಂನಲ್ಲಿ ಬೆರಳಿಡುವ ಬಿಳಿ ಮನೆಗಳನ್ನು ಎತ್ತಿನ ಹಲ್ಲು ನೋಡುವ ಹಾಗೆ ಒಂದೊಂದಾಗಿ ಸವರಿ ನೋಡಿದ ವೃಷಭೇಂದ್ರಪ್ಪ, ಈ ಪೆಟ್ಟಿಗೆಗೆ ಮೂವತ್ತು ವರ್ಷವಾದರೂ ಆಗಿರಬೇಕು ಎಂದುಬಿಟ್ಟ. ಅವನು ಧನಗೆರೆಯ ಬೇಸಾಯಗಾರ. ಕೊಯ್ಲು ಮುಗಿದ ಮೇಲೆ ಊರಿನವರಿಗೆ ನಾಟಕ ಕಲಿಸುವ ಮೇಷ್ಟ್ರು. ಹಳೆಯದಾದರೂ ಸರಿ, ಹದಿನೈದು ವರ್ಷ ದಾಟಿದ ಪೆಟ್ಟಿಗೆ ಮಾತ್ರ ತರಬೇಡಿ ಎಂದು ಊರಿನವರು ಹೇಳಿ ಕಳಿಸಿದ್ದರು.

ಪೆಟ್ಟಿಗೆಯನ್ನು ಕೊಡಲು ಹೊರಟಿದ್ದ ವಸಂತಮ್ಮನ ಮುಖ ಸಣ್ಣದಾಯಿತು. ತಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ವರ್ಷ ತನ್ನ ಗಂಡ ಮುದ್ದಯ್ಯ ಇದನ್ನು ಹೊಸದಾಗಿ ಕೊಂಡು ತಂದದ್ದು, ಈಗ ಸರಿಯಾಗಿ ಹದಿನೈದು ವರ್ಷ ಎಂದು ಅವಳು ಆಗಲೇ ಎರಡು ಸಲ ಹೇಳಿದ್ದಳು. ಮುದ್ದಯ್ಯ ತೀರಿಕೊಂಡು ವರ್ಷವಾಗಿತ್ತು. ಜಿರಲೆಗಳು ಒಳಗೆ ಸಂಸಾರ ಹೂಡುವ ಮೊದಲು ಯಾರಾದರೂ ನುಡಿಸುವವರ ಕೈಗೆ ಕೊಡೋಣವೆಂದು ಅವಳ ಆಸೆ.

ಮಗ್ಗದ ಪಕ್ಕದಲ್ಲಿ ರೇಷ್ಮೆ ಸುತ್ತುತ್ತಿದ್ದ ಅತ್ತೆ ರಂಗಮ್ಮ ರಾಟೆ ನಿಲ್ಲಿಸದೆಯೇ ಬಾಯಿ ಹಾಕಿದಳು. "ಅವ್ಳ ಮಾತ ನಂಬಬ್ಯಾಡಿ ಮೇಷ್ಟ್ರೆ. ಧಾರೆ ಸೀರೇನೇ ತವ್ರಿಗೆ ಸಾಗ್ಸಿ, ನಂಗೊತ್ತಿಲ್ಲ ಅಂದೋಳು."

ಅದು ಹದಿನೆಂಟು ವರ್ಷದ ಹಿಂದಿನ ಮಾತು. ವಸಂತಮ್ಮನ ತಂಗಿಯ ಮದುವೆಗೆ ನಾಲ್ಕು ದಿನವಿರುವಾಗ ಟ್ರಂಕಿನಲ್ಲಿದ್ದ ಧಾರೆ ಸೀರೆ ಕಾಣೆಯಾಗಿತ್ತು. ತಂಗಿಗೆ ಕೊಟ್ಟು ಬಂದಳೆಂದು ರಂಗಮ್ಮ ತೀರ್ಪು ಕೊಟ್ಟಳು, ಬೀದಿ ಅದನ್ನೇ ನಂಬಿತು. ಅತ್ತರೂ ಆಣೆಯಿಟ್ಟರೂ ಯಾರೂ ಕೇಳಲಿಲ್ಲ. ಅಂದಿನಿಂದ ಅಕ್ಕಪಕ್ಕದಲ್ಲಿ ಒಂದು ಲೋಟ ಕಳೆದರೂ ಎಲ್ಲರ ಕಣ್ಣು ಮೊದಲು ವಸಂತಮ್ಮನ ಕಡೆ ಹೊರಳುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಬೇರೆಯವರು ಅಂಟಿಸಿದ ಹೆಸರೂ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಒಳಗೆ ನೋಡಿದರೆ ಗೊತ್ತಾಗುತ್ತದೆಂದು ವೃಷಭೇಂದ್ರಪ್ಪ ಹಿಂಬದಿಯ ತಿರುಪುಗಳನ್ನು ಬಿಚ್ಚಿ, ಗಾಳಿ ತುಂಬುವ ತಿದಿಯನ್ನು ಬೆಳಕಿಗೆ ತಿರುಗಿಸಿದ. ಮಡಿಕೆಗಳ ಒಳಮೈಯಲ್ಲಿ ಮೂರು ತೇಪೆಗಳಿದ್ದವು. ಕಡುಗೆಂಪು ರೇಷ್ಮೆ, ಹುಣಸೆಬೀಜದ ಅಂಟು ಬಳಿದು ಕೂರಿಸಿದ್ದು. ಒಂದು ತೇಪೆಯ ಬದಿಯಲ್ಲಿ ಸೀರೆಯ ರುದ್ರಾಕ್ಷಿ ಅಂಚು ಇನ್ನೂ ಮಾಸಿರಲಿಲ್ಲ.

ವಸಂತಮ್ಮ ಬಗ್ಗಿ ನೋಡಿದಳು. ಅದು ಅವಳ ಧಾರೆ ಸೀರೆ. ಆ ಸೀರೆ ನೇಯ್ದವನು ಅವಳ ಅಪ್ಪ. ಬಣ್ಣಕ್ಕೆ ಅದ್ದಿದ್ದ ರೇಷ್ಮೆ ಸಾಲದೆ ಬಂದು, ಕೊನೆಯ ಎರಡು ಮೊಳಕ್ಕೆ ಇನ್ನೊಂದು ಸಲ ಅದ್ದಿ ನೇಯ್ದಿದ್ದ. ಅಲ್ಲಿಂದ ಮುಂದೆ ಕೆಂಪು ಒಂದು ಚೂರು ಕಪ್ಪಿಗೆ ತಿರುಗಿ, ಅಡ್ಡಲಾಗಿ ಒಂದು ಗೆರೆ ಎದ್ದಿತ್ತು. ಧಾರೆಯ ದಿನ ಆ ಗೆರೆಯನ್ನು ಹುಡುಕಿ ನೆಂಟರಿಗೆಲ್ಲ ತೋರಿಸಿದವಳೂ ರಂಗಮ್ಮನೇ. ಈಗ ಅದು ತೇಪೆಯ ನಟ್ಟನಡುವೆ ಇತ್ತು.

"ಅತ್ತೆ, ಒಸಿ ಬಂದು ನೋಡಿ" ಎಂದಳು ವಸಂತಮ್ಮ.

ರಾಟೆ ನಿಂತಿತು. ರಂಗಮ್ಮ ತಿದಿಯನ್ನು ಬಾಗಿಲ ಹತ್ತಿರಕ್ಕೆ ತರಿಸಿಕೊಂಡು, ಗೆರೆಯ ಮೇಲೆ ಉಗುರಾಡಿಸಿದಳು. ಹಾರ್ಮೋನಿಯಂ ಒಳಗೆ ಬಂದರೆ ಮಗ್ಗ ಮಲಗುತ್ತದೆ ಎಂದು ಆರೇಳು ವರ್ಷ ಮಗನನ್ನು ತಡೆದವಳು ಅವಳು. ವಸಂತಮ್ಮನಿಂದ ವಿಷಯ ತಿಳಿಯುತ್ತಿದ್ದಂತೆ ವೃಷಭೇಂದ್ರಪ್ಪನಿಗೆ ತನ್ನ ಲೆಕ್ಕ ಸರಿಯಾದದ್ದೇ ದೊಡ್ಡ ಸಂತೋಷವಾಯಿತು.

"ಸೀರೆ ಓಗಿ ಅದಿನೆಂಟು ವರ್ಸ ಅಂದ್ರೆ, ಆಗ್ಲೇ ಇದ್ರ ತಿದಿ ಅರ್ದೋಗಿತ್ತು ಕಣವ್ವ. ನಿಮ್ಮೆಜಮಾನ್ರು ಅಳೇ ಪೆಟ್ಗೆ ತಕಂಡು ಎಲ್ಲೋ ಮಡಗಿದ್ದು, ಆಮೇಲೆ ಬಣ್ಣ ಬಳ್ದು ಒಸದು ಅಂತ ತಂದವ್ರೆ. ಮೂವತ್ತು ವರ್ಸಕ್ಕೆ ಕಮ್ಮಿ ಇಲ್ಲ."

ತುದಿ ಕತ್ತರಿಸಿದ ಸೀರೆಯನ್ನು ಮತ್ತೆ ಟ್ರಂಕಿನಲ್ಲಿಡಲು ಧೈರ್ಯ ಸಾಲದೆ ಉಳಿದದ್ದನ್ನು ಮುದ್ದಯ್ಯ ಏನು ಮಾಡಿದನೋ, ಅವನಿಗೇ ಗೊತ್ತು. ಹೆಂಡತಿಯನ್ನು ಕಳ್ಳಿ ಎನ್ನುವುದನ್ನು ಕಿವಿಯಾರೆ ಕೇಳುತ್ತಲೇ ಅವನು ಸಂಜೆ ಸಂಜೆ ಕಣ್ಣು ಮುಚ್ಚಿ ದೇವರನಾಮ ನುಡಿಸಿದ್ದ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ವಸಂತಮ್ಮ ಬೈದಳು, ಮನಸ್ಸಿನೊಳಗೇ, ಹೊಟ್ಟೆ ತುಂಬ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ವಯಸ್ಸಾಗಿದ್ದರೂ ಸ್ವರ ಚೆನ್ನಾಗಿದೆ, ಊರಿನವರಿಗೆ ತಾನೇ ಸಮಾಧಾನ ಹೇಳುತ್ತೇನೆ, ಈ ಬಟ್ಟೆ ಕಿತ್ತು ಚರ್ಮ ಹಾಕಿಸಿದರಾಯಿತು ಎಂದು ವೃಷಭೇಂದ್ರಪ್ಪ ತೇಪೆಗೆ ಕೈ ಹಾಕಿದ. ಕಿತ್ತುಬಿಡಿ, ನನಗದು ಕಣ್ಣಿಗೆ ಬೀಳುವುದೇ ಬೇಡ ಎಂದಳು ವಸಂತಮ್ಮ.

ರಂಗಮ್ಮ ಅವನ ಕೈ ಹಿಡಿದಳು. "ಕೀಳಬ್ಯಾಡಿ. ಮುಚ್ಚಲೂಬ್ಯಾಡಿ. ಇಂಗೇ ಎತ್ಕಂಡು ನನ್ನಿಂದೆ ಬನ್ನಿ."

ಬಸ್ಸಿನ ಹೊತ್ತಾಯಿತೆಂದು ಅವನು ಗೊಣಗಿದ್ದು ಅವಳ ಕಿವಿಗೆ ಬೀಳಲಿಲ್ಲ. ವಸಂತಮ್ಮ ಬೇಡ ಎಂದದ್ದೂ ಬೀಳಲಿಲ್ಲ. ಬಸ್ ಸ್ಟ್ಯಾಂಡು ಎಡಕ್ಕೆ. ಮುದುಕಿ ಗೋಡೆ ಹಿಡಿದುಕೊಂಡು ಬಲಕ್ಕೆ ತಿರುಗಿ, ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಕದ ತಟ್ಟಿದಳು. ಹಿಂದೆ ವೃಷಭೇಂದ್ರಪ್ಪ ನಿಂತಿದ್ದ; ಅವನು ಎದೆಗವಚಿಕೊಂಡ ಪೆಟ್ಟಿಗೆಯ ಬಿಚ್ಚಿದ ತಿದಿಯೊಳಗಿಂದ ಕೆಂಪು ರೇಷ್ಮೆ ಹೊಳೆಯುತ್ತಿತ್ತು.

"ಗೋವಿಂದಮ್ಮ, ಈಚೆ ಬಾ" ಎಂದು ರಂಗಮ್ಮ ಬೀದಿಗೆಲ್ಲ ಕೇಳುವಂತೆ ಕರೆದಳು. "ನನ್ನ ಸೊಸೆ ಸೀರೆ ಸಿಕ್ತು."