ಬರ್ಲಿನ್ನಿನಿಂದ ಬಂದ ಫೋನು

ಶುಕ್ರವಾರ ಸಂಜೆ ಗಲ್ಫಿನ ರುಸ್ತಾಕ್ ಊರಿನ ಆಸ್ಪತ್ರೆಯ ವಾರ್ಡಿನ ಫೋನು ಎತ್ತಿದವಳು ಸಿಸ್ಟರ್ ಡೊರೊತಿ. ಅತ್ತ ಕಡೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಮಾತಾಡುತ್ತಿದ್ದಳು. ಅವಳ ಹಿಂದೆ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸುತ್ತಿತ್ತು.

"ಬರ್ಲಿನ್ನಿನಿಂದ ಮಾತಾಡ್ತಿದ್ದೇನೆ, ನಿಮ್ಮಲ್ಲಿರುವ ಅರ್ನೋ ಅವರ ಪಕ್ಕದ ಮನೆಯವಳು. ಅವರ ಅಣ್ಣ ಗುಂತರ್ ಗೋಡೆ ದಾಟಿ ಬಂದಿದ್ದಾರೆ. ತಮ್ಮನ ಮನೆಗೆ ಬೀಗ ನೋಡಿ ಇಲ್ಲಿ ನಿಂತು ಅಳ್ತಿದ್ದಾರೆ. ಒಮ್ಮೆ ಅರ್ನೋ ಕೈಗೆ ಫೋನು ಕೊಡಿ ಸಿಸ್ಟರ್."

ಡೊರೊತಿ ಅರ್ನೋನ ಮಂಚದ ಕಡೆ ನೋಡಿದಳು. ಬರ್ಲಿನ್ನಿನ ಗೋಡೆ ತೆರೆದದ್ದನ್ನು ಮಧ್ಯಾಹ್ನ ಇಡೀ ಆಸ್ಪತ್ರೆಯೇ ಟೀವಿಯಲ್ಲಿ ಬಾಯಿಬಿಟ್ಟು ನೋಡಿತ್ತು, ಅರ್ನೋ ಒಬ್ಬನನ್ನು ಬಿಟ್ಟು. ಬಾವಿ ಕೊರೆಸಲು ಬಂದ ಈ ಜರ್ಮನ್ ಎಂಜಿನಿಯರನಿಗೆ ಹಾರ್ಟ್ ಅಟ್ಯಾಕ್ ಆಗಿ ವಾರವಾಗಿತ್ತಷ್ಟೆ. ರೇಡಿಯೋ ಕೂಡದು, ಸುದ್ದಿ ಕೂಡದು, ಒಳ್ಳೆಯದೂ ಬೇಡ ಕೆಟ್ಟದ್ದೂ ಬೇಡ ಎಂದು ಡಾಕ್ಟರರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ಬರ್ಲಿನ್ನಿನವರಾದರೂ ಈಗ ಆಗುವುದಿಲ್ಲ. ನಾಳೆ ಬೆಳಿಗ್ಗೆ ಮಾಡಿ," ಎಂದು ಫೋನಿಟ್ಟಳು. ಆ ಅಣ್ಣನ ಕಥೆ ಅವಳಿಗೆ ಬಾಯಿಪಾಠವಾಗಿತ್ತು.

ಯುದ್ಧ ಮುಗಿದ ಮೇಲೆ ಗೆದ್ದವರು ಬರ್ಲಿನ್ನನ್ನು ಪಾಲು ಮಾಡಿಕೊಂಡರಂತೆ. ನಲವತ್ತೆಂಟರಲ್ಲಿ ರಷ್ಯಾದವರು ಪಶ್ಚಿಮದ ಪಾಲಿಗೆ ಹೋಗುವ ರೈಲು, ರಸ್ತೆ, ಕಾಲುವೆ ಎಲ್ಲ ಬಂದ್ ಮಾಡಿದರು. ಬಿಟ್ಟುಕೊಟ್ಟಾರೆಯೇ ಅಮೆರಿಕದವರು, ಬ್ರಿಟಿಷರು? ಹಟಕ್ಕೆ ಬಿದ್ದು ಹಿಟ್ಟು, ಕಲ್ಲಿದ್ದಲನ್ನೆಲ್ಲ ವಿಮಾನದಲ್ಲಿ ತಂದಿಳಿಸಿದರು. ಆ ಮೂಟೆಗಳನ್ನು ಹೊತ್ತವನು ಅರ್ನೋ. ರೈಲ್ವೆ ಕೆಲಸದಲ್ಲಿದ್ದ ಗುಂತರ್ ರಷ್ಯಾದವರ ಕಡೆ ನಿಂತು ಸಿಗ್ನಲ್ ಹಾಕಿ ರೈಲು ತಡೆದವನು. ಪಶ್ಚಿಮದ ಪಾಲಿನಲ್ಲಿದ್ದ ಅಮ್ಮ, ಬೆಂಕಿಯಿಲ್ಲದ ಒಲೆಯ ಮುಂದೆ ಕೂತು ಆ ಚಳಿಗೇ ಹೋದಳು.

"ಅಲ್ಲಿ ತನಕ ಅಮೆರಿಕ, ರಷ್ಯಾ ಒಂದೇ ವಠಾರದ ಬಾಡಿಗೆದಾರರ ಹಾಗೆ ಕಚ್ಚಾಡ್ತಿದ್ರು ಸಿಸ್ಟರ್. ಆ ಚಳಿಗಾಲ ಕಳೆದ ಮೇಲೆ ದಿಂಬಿನಡಿ ಬಂದೂಕು ಇಟ್ಟು ಮಲಗಿದ್ರು. ದೇಶ ಎರಡಾಯ್ತು, ಸೈನ್ಯ ಎರಡಾಯ್ತು, ಕಡೆಗೆ ಗೋಡೆಯೂ ಎದ್ದಿತು. ನಾವಿಬ್ಬರೂ ಹಾಗೇ ಆದೆವು," ಎನ್ನುತ್ತಿದ್ದ ಅರ್ನೋ. ನಡುವೆ ಗೋಡೆ ದಾಟಲು ಪಾಸು ಸಿಗುತ್ತಿತ್ತು, ಹೋಗಿ ನೋಡಿ ಬರಬಹುದಿತ್ತು. ಹೋಗಲಿಲ್ಲ, ಹಟಮಾರಿ. "ಸಾಯುವ ಮುಂಚೆ ಅವನನ್ನು ಒಂದೇ ಒಂದು ಕೇಳಬೇಕು. ಅಮ್ಮ ಈ ಕಡೆ ಇದ್ದಾಳೆ ಅಂತ ಗೊತ್ತಿದ್ದೂ ರೈಲು ನಿಲ್ಲಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು?"

ಗುಂತರ್ ಬಂದಿದ್ದಾನೆ ಅಂದರೆ ಈ ಮನುಷ್ಯ ಮಂಚದಿಂದ ಹಾರಿಯೇ ಬಿಟ್ಟಾನು ಎಂದು ಡೊರೊತಿಗೆ ಹೆದರಿಕೆ. ಮಾತ್ರೆ ಕೊಡಲು ಹೋದಾಗ ಆತನೇ ಕೇಳಿದ: "ಫೋನಿನಲ್ಲಿ ಬರ್ಲಿನ್ ಅಂದ ಹಾಗಾಯಿತು. ಏನಾದರೂ ಸುದ್ದಿ ಉಂಟಾ?"

ತುಟಿಗೆ ಬಂದದ್ದನ್ನು ನುಂಗಿಕೊಂಡಳು. "ಡ್ಯೂಟಿ ಮುಗಿಯಿತು ಸರ್. ಐ ವಿಲ್ ಕಮ್," ಎಂದವಳೇ ಹೊರಟುಹೋದಳು. ನಾಳೆ ಡಾಕ್ಟರರನ್ನು ಕೇಳಿ, ಪಕ್ಕದಲ್ಲಿ ಕೂತು, ನಿಧಾನಕ್ಕೆ ಹೇಳಿದರಾಯಿತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೆಳಿಗ್ಗೆ ಬಂದು ನೋಡಿದರೆ ಮಂಚ ಖಾಲಿ. ರಾತ್ರಿ ಪಾಳಿಯ ಏಂಜೆಲಾ ಹಾಸಿಗೆ ಬಟ್ಟೆ ಎಳೆಯುತ್ತಿದ್ದಳು.

"ಎಂತ ಮಾರಾಯ್ತಿ, ಬರ್ತೇನೆ ಅಂತ ಹೇಳಿ ಹೋದವಳು ಬರಲೇ ಇಲ್ವಲ್ಲ ನೀನು?" ಎಂದಳು ಏಂಜೆಲಾ. "ನಿದ್ದೆ ಮಾತ್ರೆ ಬೇಡವೇ ಬೇಡ ಅಂದ್ರು. ಡೊರೊತಿ ಬರ್ತಾಳೆ, ಬರ್ಲಿನ್ ಸುದ್ದಿ ಹೇಳ್ತಾಳೆ ಅಂತ ಬಾಗಿಲು ನೋಡ್ತಾ ಕೂತೇ ಇದ್ರು. ಮಸೀದಿಯ ಬೆಳಗಿನ ಬಾಂಗ್ ಆಗುವಾಗ ಖಲಾಸ್."

ಅಯ್ಯೋ ದೇವರೇ! ಎದ್ದು ಹೊರಟವರು ‘ಹೋಗ್ತೇನೆ’ ಎನ್ನುವ ರೂಢಿ ನಮ್ಮೂರಲ್ಲಿ ಎಲ್ಲುಂಟು? ಕನ್ನಡದಲ್ಲಾದರೆ ‘ಬರ್ತೇನೆ’, ಅವಳ ಕೊಂಕಣಿಯಲ್ಲಾದರೆ ‘ಯೆತಾಂ’. ಅದನ್ನೇ ಹಾಗೆಯೇ ಇಂಗ್ಲಿಷಿಗೆ ತಂದು ಆ ಪರದೇಶಿಯ ಮುಂದೆ ಇಟ್ಟು ಹೋಗಿದ್ದಳು. ಆತ ಮಾತನ್ನು ಮಾತೆಂದೇ ನಂಬಿದ. ಹೇಳಿಬಿಡಬೇಕಿತ್ತು, ಹೇಗೂ ಹೋಗುವ ಜೀವ ಸಂತೋಷದಲ್ಲಾದರೂ ಹೋಗುತ್ತಿತ್ತು ಎಂದು ಡೊರೊತಿ ಮಂಚದ ಸರಳು ಹಿಡಿದು ಅತ್ತಳು.

ಅಷ್ಟರಲ್ಲಿ ಫೋನು. ಅದೇ ಹೆಂಗಸು.

"ಹೇಳಿದ್ರಾ ಸಿಸ್ಟರ್? ಗುಂತರ್ ವಾಪಸ್ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಇದ್ದಾರೆ."

ಡೊರೊತಿ ಸುಳ್ಳು ಹೇಳಲಿಲ್ಲ. "ಅರ್ನೋ ಬೆಳಿಗ್ಗೆ ತೀರಿಕೊಂಡ್ರು. ಅಣ್ಣ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನು ಹೇಳಲಿಲ್ಲ." "ಅಣ್ಣನನ್ನು ಒಂದು ಮಾತು ಕೇಳಬೇಕು ಅಂತಿದ್ರು. ಅಮ್ಮ ಈ ಕಡೆ ಇದ್ದಾಳೆ ಅಂತ ಗೊತ್ತಿದ್ದೂ ರೈಲು ಹೇಗೆ ನಿಲ್ಲಿಸಿದೆ ಅಂತ."

ಅತ್ತ ಜರ್ಮನ್ ಭಾಷೆಯಲ್ಲಿ ಏನೋ ಮಾತಾಯಿತು. ಗಂಡಸಿನ ಅಳು ಏರಿತು, ಆಮೇಲೆ ನಿಂತಿತು. ಹೆಂಗಸು ಮತ್ತೆ ಮಾತಾಡಿದಳು.

"ಗುಂತರ್ ಮೊದಲು ನಿಮ್ಮನ್ನು ಕೇಳ್ತಿದ್ದಾರೆ. ಅಷ್ಟೆಲ್ಲ ಗೊತ್ತಿದ್ದ ನೀವು ತಮ್ಮನಿಗೆ ಯಾಕೆ ಹೇಳಲಿಲ್ಲ?"

"ಡಾಕ್ಟರರ ಆರ್ಡರ್ ಇತ್ತು," ಎಂದಳು ಡೊರೊತಿ. "ನನ್ನ ಕೈಯಲ್ಲಿ ಏನಿತ್ತು?"

ಹೆಂಗಸು ಅದನ್ನು ಜರ್ಮನ್ನಿನಲ್ಲಿ ಹೇಳಿದಳು. ಗುಂತರ್ ಅಂದದ್ದನ್ನು ತಿರುಗಿ ಇಂಗ್ಲಿಷಿಗೆ ತಂದಳು.

"ತಮ್ಮನ ಪ್ರಶ್ನೆಗೆ ಅವರ ಉತ್ತರವೂ ಅದೇ ಅಂತೆ, ಸಿಸ್ಟರ್."