ಮೂರೊಡಲ ದೋಣಿ

"ಈರಣ್ಣನೇ ಮಾಡಿದ್ದು! ಬಿಡಬ್ಯಾಡ್ರೋ ಅವನ್ನ!"

ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಕೆಂಚಪ್ಪ ಒದ್ದೆ ಮೈಯಲ್ಲೇ ನಿಂತು ಕೂಗುತ್ತಿದ್ದ. ನಡುಗೆರೆಯಲ್ಲಿ ಅವನ ದೋಣಿ ಮಗುಚಿಕೊಂಡಿತ್ತು. ಅದರ ಓಟ ನೋಡಲು ಬಂದಿದ್ದ ತರೀಕೆರೆಯ ಅಮಲ್ದಾರರು ಕುದುರೆ ಏರಿ ಹೊರಟುಹೋಗಿದ್ದರು.

ದೋಣಿಯೇನು ಸಾಮಾನ್ಯದ್ದೇ? ಸಿಂಗಪುರದ ಬಂದರಿನಲ್ಲಿ ಏಳು ವರ್ಷ ಬಡಗಿಯಾಗಿದ್ದ ಕೆಂಚಪ್ಪ ಅಲ್ಲಿ ಕಂಡಂಥದ್ದನ್ನೇ ಇಲ್ಲಿ ಕಟ್ಟಿದ್ದ. ನಡುವೆ ದೊಡ್ಡ ಒಡಲು, ಎಡಕ್ಕೊಂದು ಬಲಕ್ಕೊಂದು ತೆಳು ಹಲಗೆಯ, ಮುಚ್ಚಳವಿದ್ದ ಸಣ್ಣ ಒಡಲು. ಮೂರನ್ನೂ ಸೇರಿಸಿ ಅಡ್ಡ ಬಿದಿರು, ಮೇಲೆ ಪಟ. ಅಮಲ್ದಾರರ ಕಣ್ಣೆದುರು ಆಚೆ ದಡ ಮುಟ್ಟಿಬಿಟ್ಟರೆ ಜನರನ್ನು ದಾಟಿಸುವ ಕೆಲಸ ಅವನದು, ಊರಲ್ಲೇ ಉಳಿಯಬಹುದು. ಇಲ್ಲದಿದ್ದರೆ ಮತ್ತೆ ಸಿಂಗಪುರ. ತಾಯಿ ಅಂಬಮ್ಮನಿಗೂ ಅದನ್ನು ಹೇಳಿಯೇ ಇದ್ದ.

ಏಳು ವರ್ಷ ಮಗನ ದಾರಿ ಕಾದವಳು ಅಂಬಮ್ಮ. ಆದರೂ ಆ ದೋಣಿ ಕಂಡರೆ ಅವಳಿಗೆ ದಿಗಿಲು.

"ಮೂರು ಯಾಕಪ್ಪಾ? ಮೂರು ಆಗ್ಬರಲ್ಲ ಕಣೋ. ಇನ್ನೊಂದು ಸೇರಿಸು."

ಸಂತೆಗೆ ಮೂವರು ಹೊರಟರೆ ದಾರಿಯ ಕಲ್ಲೊಂದನ್ನು ಮಡಿಲಿಗೆ ಹಾಕಿಕೊಂಡು, ನಾಲ್ಕಾಯಿತು ಎಂದು ಸಮಾಧಾನಪಡುವ ಹೆಂಗಸು. ಕೆಂಚಪ್ಪ ನಕ್ಕುಬಿಟ್ಟ.

ಅವನಿಗೆ ಹೆದರಿಕೆ ಇದ್ದದ್ದು ಈರಣ್ಣನದು. ಮೂರು ತಲೆಮಾರಿನಿಂದ ಆ ಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನ. "ಅದೆಂಗೆ ದಾಟ್ತೀಯೋ ನಾನೂ ನೋಡ್ತೀನಿ" ಎಂದು ಈರಣ್ಣ ಊರೆದುರೇ ಅಂದಿದ್ದ. ಹಿಂದಿನ ಸಂಜೆ ದೋಣಿಯ ಸುತ್ತ ಸುಳಿದಾಡಿ, ಹಲಗೆ ತಟ್ಟಿದ್ದನ್ನು ಕಂಡವರೂ ಇದ್ದರು.

ಇವತ್ತು ಬೆಳಗ್ಗೆ ಅಂಬಮ್ಮ ರಾಗಿರೊಟ್ಟಿ ಕೊಟ್ಟಳು. ಜೊತೆಗೆ ಬರೀ ಈರುಳ್ಳಿ, ಉಪ್ಪು.

"ಚಟ್ನಿ ಎಲ್ಲವ್ವಾ?"

"ಇವತ್ತು ಅರೆಯಕ್ಕೆ ಆಗ್ಲಿಲ್ಲ. ತಿಂದು ಹೊರಡು. ಇನ್ನು ನಂಗೆ ಭಯ ಇಲ್ಲ."

ಅಂತೂ ಅವ್ವನ ಮುಖ ಅರಳಿತಲ್ಲ ಎಂದು ಕೆಂಚಪ್ಪನಿಗೆ ಹಾಯೆನಿಸಿತು.

ನಡುಗೆರೆಯವರೆಗೆ ದೋಣಿ ನೆಟ್ಟಗೆ ಓಡಿತು. ಆಮೇಲೆ ಗಾಳಿ ತಿರುಗಿತು. ಎಡದ ಒಡಲೊಳಗೆ ಏನೋ ಗಡಗಡ ಎಂದಿತು; ಹಿಂದೆಯೇ ಹಲಗೆ ಸೀಳಿದ ಸದ್ದು. ನೀರು ನುಗ್ಗಿ, ದೋಣಿ ಎಡಕ್ಕೆ ಮಗುಚಿತು. ಮೊದಲು ಬಂದು ಅವನನ್ನು ಹರಿಗೋಲಿಗೆ ಎಳೆದುಕೊಂಡವನು ಈರಣ್ಣನೇ. ದಡ ಹತ್ತಿದ್ದೇ ಕೆಂಚಪ್ಪ ಅವನ ಕುತ್ತಿಗೆಗೆ ಕೈ ಹಾಕಿದ.

"ಹಲಗೆ ಸಡಿಲ ಮಾಡಿಟ್ಟು, ಈಗ ಒಳ್ಳೆಯವನಾಗಕ್ಕೆ ಬಂದ್ಯಾ?"

"ದೇವರಾಣೆಗೂ ಇಲ್ಲ ಕಣೋ! ಚೆಂದಾಗೈತೆ ಅಂತ ಮುಟ್ಟಿ ನೋಡ್ದೆ, ಅಷ್ಟೇ."

ಯಾರು ನಂಬುತ್ತಾರೆ? ಎಲ್ಲರಿಗಿಂತ ಜೋರಾಗಿ ಎದೆ ಬಡಿದುಕೊಂಡವಳು ಅಂಬಮ್ಮ. "ನನ್ ಮಗನ್ನ ಮತ್ತೆ ಊರು ಬಿಡಿಸ್ದಲ್ಲೋ ಪಾಪಿ! ನಿನ್ ಕೈ ಸೇದ್ಹೋಗ!"

ಆ ಮಾತು ಕೇಳಿ ಕೆಂಚಪ್ಪನಿಗೆ ಮೈಮೇಲಿನ ಎಚ್ಚರ ತಪ್ಪಿತು. ಕೊಡಲಿ ತಂದು ಹರಿಗೋಲಿನ ಚರ್ಮ ಸೀಳಿದ, ಬಿದಿರೆಲ್ಲ ಮುರಿದ. ಈರಣ್ಣ ಏರಿಯ ಮೇಲೆ ಕುಸಿದು ಕೂತು ಅತ್ತ. ಒಬ್ಬರೂ ಹತ್ತಿರ ಹೋಗಲಿಲ್ಲ.

ಮಧ್ಯಾಹ್ನ ಹಗ್ಗ ಹಾಕಿ ದೋಣಿಯನ್ನು ದಡಕ್ಕೆ ಎಳೆದರು. ಈರಣ್ಣನ ಕೈಚಳಕ ಊರಿಗೆಲ್ಲ ತೋರಿಸಬೇಕೆಂದು ಕೆಂಚಪ್ಪ ಎಡದ ಒಡಲಿನ ಮುಚ್ಚಳ ಕಿತ್ತ.

ಸೀಳಿದ ಹಲಗೆಗೆ ಆತುಕೊಂಡು ಕೂತಿತ್ತು, ಅರಿಶಿನದ ಬಟ್ಟೆ ಸುತ್ತಿದ, ಅವರದೇ ಮನೆಯ ಒರಳುಗುಂಡು.