ಕ್ಲಚ್ ಪೆಡಲ್ ಇಲ್ಲದ ಲಾರಿ

“ಕ್ಲಚ್ ಪೆಡಲ್ ಎಲ್ಲಿ ಹೋತಲೇ ನದೀಮ್ಯಾ? ಮಾರಿಕೊಂಡು ತಿಂದ್ಯೇನು?”

ದೌಲತರಾಯ ಕಟ್ಟೆಯ ಮೇಲಿನ ಕುರ್ಚಿಯಿಂದಲೇ ಕೂಗಿದ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟು ಗೋಡೆ. ಅದರಾಚೆ ಬೇವಿನ ಮರದ ಕೆಳಗೆ, ನದೀಮನ ಅಂಗಳದಲ್ಲಿ, ಮುಂದೆ ಮೂಗು ಚಾಚಿದ ಹಳೆಯ ಲಾರಿ ಇಟ್ಟಿಗೆಗಳ ಮೇಲೆ ಕೂತಿತ್ತು. ನದೀಮ ವೆಲ್ಡಿಂಗಿನ ಕಪ್ಪು ಗಾಜು ಮುಖದಿಂದ ಸರಿಸಿ ನಕ್ಕ.

“ಬ್ಯಾಡ ಅಂತ ತೆಗದೇನ್ರಿ ಉಸ್ತಾದ್.”

ಬ್ಯಾಡ ಅಂತೆ! ದೌಲತರಾಯನಿಗೆ ಮೈಯೆಲ್ಲ ಉರಿಯಿತು. ಹಿರೋಳ್ಳಿಯಲ್ಲಿ ಹುಟ್ಟಿದವರು ಯಾರಾದರೂ ಕ್ಲಚ್ ಪೆಡಲ್ ಇಲ್ಲದ ಲಾರಿ ಕಂಡದ್ದುಂಟೇ?

ಆ ಲಾರಿ ಒಂದು ಕಾಲಕ್ಕೆ ಅವನದೇ. ಅದರಲ್ಲಿ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿಯೇ ತಲೆ ಹಣ್ಣಾಗಿತ್ತು. ನದೀಮ ಆಗ ಅವನ ಕ್ಲೀನರ್. ಮಟಕಿಯ ತಿರುವಿನಲ್ಲಿ ಲಾರಿ ಪಲ್ಟಿಯಾಗಿ ಚಾಸಿ ಸೊಟ್ಟಗಾದ ಮೇಲೆ ದೌಲತರಾಯ ಅದನ್ನು ತಿರುಗಿ ನೋಡಲಿಲ್ಲ, ಗುಜರಿಗೆ ಹಾಕಿ ಎಂದ. ಅಷ್ಟರಲ್ಲಿ ಆಳಂದದಲ್ಲಿ ವೆಲ್ಡಿಂಗ್ ಕಲಿತು ಬಂದಿದ್ದ ನದೀಮ, “ನನಗ ಕೊಡ್ರಿ, ಮನ್ಯಾಗ ಕಟ್ತೇನಿ” ಎಂದು ಎಳೆದುತಂದ. ಕೊಟ್ಟ ತಪ್ಪಿಗೆ ಈಗ ದಿನಾ ಕಣ್ಣೆದುರಿಗೆ ಈ ಅವತಾರ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತಾಗಿತ್ತು.

ಪಲ್ಟಿಯಾದಂದಿನಿಂದ ದೌಲತರಾಯ ಓಣಿಗೂ ಇಳಿದವನಲ್ಲ. ಯಾರು ಕರೆದರೂ “ಮನಸ್ಸಿಲ್ಲ” ಎಂದು ಸಾಗಹಾಕುತ್ತಿದ್ದ. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

ಚಾಸಿಯ ಅಡ್ಡಪಟ್ಟಿಗಳಲ್ಲಿ ತಪ್ಪು ಹುಡುಕಿ ಸೋತ. ಉಳಿದದ್ದೆಲ್ಲ ನಗೆಪಾಟಲು. ಚಾಸಿಯ ಪಕ್ಕಕ್ಕೆ ಕಬ್ಬಿಣದ ಮೆಟ್ಟಿಲೊಂದು ನೆಲದಿಂದ ಗೇಣೆತ್ತರಕ್ಕೆ ಜೋತಿತ್ತು.

“ಇದು ಲಾರಿನೋ, ಮಠದ ಪಾವಟಿಗಿನೋ? ನಿಮ್ಮ ಅಜ್ಜಿ ಹತ್ತತಾಳೇನಲೇ?”

ಗೇರಿನ ದಂಡಕ್ಕೆ ಬೆರಳಲ್ಲಿ ಅಮುಕುವ ಒಂದು ಹಿಡಿಕೆ. ಲಾರಿಗೆ ಸೈಕಲ್ ಬ್ರೇಕು! ಸೀಟಿನ ಹಿಂದೆ ಎರಡು ಕೊಂಡಿ.

“ಛತ್ರಿ ಸಿಗಿಸಾಕೇನು?”

“ಬೇಕಾಗತಾವ್ರಿ ಉಸ್ತಾದ್.”

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಭೂಪ.

ದೌಲತರಾಯನ ಹೆಂಡತಿ ಗುರುಬಾಯಿಯೂ ನದೀಮನ ಕಡೆಗೇ. “ಅವ ತಿಳದೇ ಮಾಡಾಕತ್ತಾನ್ರಿ. ಸುಮ್ಮ ಚಾ ಕುಡೀರಿ” ಎಂದಳು. ಅವಳ ಬುದ್ಧಿಯ ಮೇಲೂ ದೌಲತರಾಯನಿಗೆ ಅನುಮಾನವಿತ್ತು. ಮೊನ್ನೆ ಮಧ್ಯಾಹ್ನ ಅವನು ಕಣ್ಣುಬಿಟ್ಟಾಗ ಅವಳು ಹುರಿ ಹಿಡಿದು ಮಂಚದ ಪಕ್ಕ ನಿಂತಿದ್ದಳು. ಕೇಳಿದರೆ, “ಪಾಯಜಾಮ ಹೊಲಿಸಬೇಕ್ರಿ” ಅಂದಿದ್ದಳು.

ನಿಜ ಹೇಳಬೇಕೆಂದರೆ ಅವನೊಳಗೊಂದು ಆಸೆಯಿತ್ತು. ಸಾಯುವುದರೊಳಗೆ ಇನ್ನೊಮ್ಮೆ ಆ ಸ್ಟೇರಿಂಗ್ ಹಿಡಿಯಬೇಕು. ಯಾರಿಗೂ ಹೇಳಿರಲಿಲ್ಲ, ಹೇಳಲು ನಾಚಿಕೆ. ಅದಕ್ಕೇ ಇಷ್ಟು ಸಂಕಟ. ಯಾವ ಡ್ರೈವರನೂ ನಡೆಸಲಾರದಂಥ ಗಾಡಿ ಮಾಡಿಟ್ಟಿದ್ದ ಈ ಹುಚ್ಚ.

ಅಂದು ನದೀಮ ಸೀಟು ಕೂರಿಸಿದ. ಅದೂ ತಗ್ಗಿನಲ್ಲಿ, ಒಂದು ಬದಿಗೆ ಉಬ್ಬು. ದೌಲತರಾಯನಿಗೆ ತಡೆಯಲಾಗಲಿಲ್ಲ.

“ಮೊದಲ ಡ್ರೈವರನ ಅಳತಿ ಹುರೀಲೆ ಹಿಡೀಬೇಕು, ಆಮ್ಯಾಲ ಕಬ್ಬಿಣಕ್ಕ ಕೈ ಹಚ್ಚಬೇಕು. ನಾ ಕಲಿಸಿದ್ದು ಮರತ್ಯೇನಲೇ?”

“ಮರತಿಲ್ರಿ. ಅಳತಿ ಹಿಡದೇ ಮಾಡೇನಿ.”

“ಯಾವ ದೆವ್ವದ್ದು?”

ನದೀಮ ಕೈ ಒರೆಸಿಕೊಂಡ. “ಬಂದು ಕುಂತು ನೋಡ್ರಿ. ಬರೋಬರಿ ಇಲ್ಲಂದ್ರ ನಾನೇ ಕೊಯ್ದು ಗುಜರಿಗೆ ಹಾಕ್ತೇನಿ.”

ಮಾತು ಅಂದರೆ ಮಾತು. ಗುಜರಿಗೆ ಕಳಿಸಿಯೇ ಬರುತ್ತೇನೆಂದು ದೌಲತರಾಯ ಎದ್ದ. ಗುರುಬಾಯಿ ಚಪ್ಪಲಿ ಒರೆಸಿ ಮುಂದಿಟ್ಟಳು. ಕೈಹಿಡಿಯಲು ಬಂದವಳನ್ನು ಗದರಿಸಿ ಹಿಂದೆ ಸರಿಸಿದ. ಲಾರಿ ಮುಟ್ಟುವಷ್ಟರಲ್ಲಿ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಹೇಳಬೇಕಾದ ಬೈಗುಳಗಳನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದ.

ಮೆಟ್ಟಿಲ ಮೇಲೆ ಕಾಲಿಟ್ಟ. ಎತ್ತರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಳಗೆ ಕೂತಾಗ ಸೀಟಿನ ಉಬ್ಬು ಸೊಂಟಕ್ಕೆ ಆತುಕೊಂಡು ಅವನನ್ನು ವಾಲಗೊಡಲಿಲ್ಲ. ಬಲಗೈ ಸ್ಟೇರಿಂಗಿಗೆ ಹೋಯಿತು. ಎಡಗೈ ತಾನಾಗಿಯೇ ಗೇರಿನ ಮೇಲಿನ ಹಿಡಿಕೆಗೆ ಬಂತು, ಅಮುಕಿತು. ಅಡಿಯಲ್ಲೆಲ್ಲೋ ಕ್ಲಚ್ ಕಟ್ ಎಂದು ಬಿಟ್ಟುಕೊಂಡಿತು.

ಜೋಡಿಸಿಟ್ಟ ಬೈಗುಳ ಮರೆತು ಹಿಡಿಕೆಯನ್ನು ಮತ್ತೆ ಮತ್ತೆ ಅಮುಕಿದ.

“ಸೀಟು ಒಂದೀಟು ಸೊಟ್ಟ ಅದಲೇ” ಎಂದ.

“ನೆಟ್ಟಗ ಮಾಡ್ತೇನ್ರಿ ಉಸ್ತಾದ್.”

ನದೀಮ ಬಾಗಿಲಿಗೆ ಆನಿಸಿದ್ದ ಉಸ್ತಾದನ ಎರಡೂ ಊರುಗೋಲುಗಳನ್ನು ಎತ್ತಿ ಸೀಟಿನ ಹಿಂದಿನ ಕೊಂಡಿಗಳಿಗೆ ಸಿಗಿಸಿದ. ಕೆಳಗೆ ಕ್ಲಚ್ ಪೆಡಲ್ ಇರಲಿಲ್ಲ, ಅದನ್ನು ಒತ್ತಬೇಕಾದ ಎಡಗಾಲು ಮಟಕಿಯ ತಿರುವಿನಲ್ಲೇ ಹೋಗಿತ್ತು.